ಅಪ್‌ಡೇಟ್: ಕ್ಲಬ್ ಡಿನ್ನರ್‌ನಲ್ಲಿ ಸಹಿ ಸಿಕ್ಕಿತು!

ಫುಟ್‌ಬಾಲ್ ಕ್ಲಬ್ ಡಿನ್ನರ್‌ನಲ್ಲಿ ಹಳೆಯ ಆಟಗಾರರನ್ನು ಹೇಗೆ ಮಾತಾಡಿಸುವುದು, ಜೆರ್ಸಿಗೆ ಸಹಿ ಯಾವಾಗ ಕೇಳುವುದು ಎಂದು ಕೇಳಿದ್ದೆನಲ್ಲ, ಅದರ ಕಥೆ ಇದು.

ಬಾಗಿಲಲ್ಲೇ ಹಿಡಿಯುವ ಸಲಹೆ ಕೆಲಸ ಮಾಡಲಿಲ್ಲ. ಅಲ್ಲಿ ಫೋಟೋಗ್ರಾಫರ್‌ಗಳದ್ದೇ ರಾಜ್ಯ. 'ಊಟದ ಮಧ್ಯೆ ಬೇಡ, ಭಾಷಣ ಮುಗಿದ ಮೇಲೆ ಹೋಗಿ' ಎಂದವರಿಗೆ ದೊಡ್ಡ ಥ್ಯಾಂಕ್ಸ್. ಆಗ ಎಲ್ಲರೂ ಆರಾಮಾಗಿ ಓಡಾಡುತ್ತಿದ್ದರು.

ಸುಮ್ನೆ ಹೊಗಳುವ ಬದಲು ಆಟದ ಬಗ್ಗೆ ಕೇಳಿ ಎಂದಿದ್ದಿರಿ. ಅದಂತೂ ಜಾಸ್ತಿ ಫಲ ಕೊಟ್ಟಿತು. ಪೆನಾಲ್ಟಿ ಹೊಡೆಯುವಾಗ ಗೋಲ್‌ಕೀಪರ್‌ನ ಒಂದು ಪಾದ ಗೆರೆಯ ಮೇಲಿದ್ದರೆ ಸಾಕು ಎಂದು 2019ರಲ್ಲಿ ನಿಯಮ ಸಡಿಲವಾಯಿತಲ್ವಾ? ಅದನ್ನು ಎತ್ತಿದ್ದೇ ತಡ, ಹಳೆಯ ಗೋಲ್‌ಕೀಪರ್ ಒಬ್ಬರು ಕುರ್ಚಿ ಎಳೆದು ಕೂರಿಸಿಕೊಂಡರು. ಮಾತು ನಿಲ್ಲಲೇ ಇಲ್ಲ!

ಜೆರ್ಸಿಯೊಳಗೆ ರಟ್ಟು ಇಟ್ಟಿದ್ದರಿಂದ ಸಹಿ ನೀಟಾಗಿ ಬಂತು. ಗಾಢ ಬಣ್ಣದ ಜೆರ್ಸಿಯಾದರೆ ಬೆಳ್ಳಿ ಬಣ್ಣದ ಮಾರ್ಕರ್ ಒಯ್ಯಿರಿ, ಕಪ್ಪು ಕಾಣಿಸುವುದೇ ಇಲ್ಲ.