ಹಿಜಾಬ್, ಖಿಮಾರ್, ಜಿಲ್‌ಬಾಬ್, ಹಯಾ: ಕನ್ನಡದಲ್ಲಿ ಏನನ್ನಬೇಕು?

ಗೆಳೆಯರಿಗೆಲ್ಲ ನಮಸ್ಕಾರ,

ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ಮುಂಬಯಿಯ ಆಲಿಮಾ ಒಬ್ಬರು ತಲೆ ಹೊದಿಕೆ ಬಗ್ಗೆ ಉರ್ದುವಿನಲ್ಲಿ ಬರೆದ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಸ್ಲಾಮಿನ ಧರ್ಮಶಾಸ್ತ್ರ ಓದಿದ ಹೆಂಗಸರನ್ನು ಆಲಿಮಾ ಅನ್ನುತ್ತಾರೆ. ಅವರ ಬರಹ ತಿಳಿಯಾಗಿದೆ, ತೊಡಕಿರುವುದು ಪದಗಳಲ್ಲಿ. ಅವರು ಹಿಜಾಬ್, ಖಿಮಾರ್, ಜಿಲ್‌ಬಾಬ್, ನಕಾಬ್, ಸತ್ರ್ ಎಂದು ಬಿಡಿಸಿ ಬಿಡಿಸಿ ಬರೆಯುತ್ತಾರೆ. ನಮ್ಮ ಪತ್ರಿಕೆಗಳ ಕನ್ನಡದಲ್ಲಿ ಇರುವುದು ಎರಡೇ, ಹಿಜಾಬ್ ಮತ್ತು ಬುರ್ಖಾ. ಅದೂ ಒಂದರ ಜಾಗದಲ್ಲಿ ಇನ್ನೊಂದು.

ಇದರಿಂದ ಏನಾಗಿಬಿಡುತ್ತೆ ಅಂತ ಕೇಳಬಹುದು. 2024ರ ಆಗಸ್ಟ್‌ನಲ್ಲಿ ಇಲ್ಲೇ ಚೆಂಬೂರಿನ ಕಾಲೇಜೊಂದರ ನಿಯಮ ಸುಪ್ರೀಂ ಕೋರ್ಟಿಗೆ ಹೋಯಿತಲ್ಲ. ಹಿಜಾಬ್, ಟೋಪಿ, ಬ್ಯಾಡ್ಜ್ ಬೇಡ ಎಂದಿದ್ದ ಭಾಗಕ್ಕೆ ಕೋರ್ಟ್ ತಡೆ ಕೊಟ್ಟಿತು. ತರಗತಿಯೊಳಗೆ ಬುರ್ಖಾ ಹಾಕಲು ಮಾತ್ರ ಒಪ್ಪಲಿಲ್ಲ. ಎರಡನ್ನೂ ಒಂದೇ ಮಾಡಿ ಬರೆದರೆ ಆ ಆದೇಶಕ್ಕೆ ತಲೆಬುಡವೇ ಇರುವುದಿಲ್ಲ.

ಮೊದಲು ಹಿಜಾಬ್. ಇವತ್ತು ಅದು ಕೂದಲು, ಕಿವಿ, ಕತ್ತು ಮುಚ್ಚಿ ಮುಖ ಬಿಡುವ ಬಟ್ಟೆ. ಕುರ್‌ಆನ್‌ನಲ್ಲಿ ಹಿಜಾಬ್ ಎಂಬ ಮಾತು 7 ಕಡೆ ಬರುತ್ತದೆ. ಎಲ್ಲೂ ತಲೆಯ ಬಟ್ಟೆ ಎಂಬ ಅರ್ಥವಿಲ್ಲ, ಎಲ್ಲ ಕಡೆಯೂ ತೆರೆ, ಅಡ್ಡ, ಮರೆ ಎಂಬ ಅರ್ಥವೇ. 33ನೇ ಅಧ್ಯಾಯದ 53ನೇ ವಚನ ನೋಡಿ. ಪ್ರವಾದಿಗಳ ಪತ್ನಿಯರಲ್ಲಿ ಏನಾದರೂ ಕೇಳುವುದಿದ್ದರೆ ಹಿಜಾಬಿನ ಆಚೆಯಿಂದ ಕೇಳಿ ಎನ್ನುತ್ತದೆ. ಅಲ್ಲಿ ಕಣ್ಣುಮುಚ್ಚಿ ‘ಪರದೆ’ ಎಂದು ಬರೆದಿದ್ದೇನೆ. ಪಾರ್ಸಿ ಭಾಷೆಯಿಂದ ಬಂದದ್ದಾದರೂ ಅದು ನಮ್ಮ ನಾಟಕದವರ ಬಾಯಲ್ಲಿ ಪಳಗಿದ ಮಾತು. ಉಡುಪಿನ ಅರ್ಥ ಬಂದಲ್ಲಿ ಹಿಜಾಬ್ ಎಂದೇ ಉಳಿಸಿದ್ದೇನೆ. 2022ರ ಗಲಾಟೆಯ ಮೇಲೆ ಅದಕ್ಕೆ ಬೇರೆ ಪದ ಹುಡುಕುವುದು ಸುಮ್ನೆ ಕೆಲಸ. ಕರಾವಳಿಯವರು ಒಂದು ಹೇಳಬೇಕು. ಮಲಯಾಳದಲ್ಲಿ ಪರ್ದಾ ಎಂದರೆ ಮೈಮೇಲಿನ ಕಪ್ಪು ಉಡುಪು. ನಿಮ್ಮ ಕಡೆಯ ಓದುಗರಿಗೆ ‘ಪರದೆ’ ಎಂದರೆ ಗೊಂದಲವಾಗುತ್ತದೆಯೇ?

ನಿಜವಾಗಿ ಕೈ ತಡೆದದ್ದು ಖಿಮಾರ್ ಹತ್ತಿರ. 24ನೇ ಅಧ್ಯಾಯದ 31ನೇ ವಚನ ಹೆಂಗಸರಿಗೆ ಹೇಳುವುದು ಇಷ್ಟು: ನಿಮ್ಮ ಖಿಮಾರ್‌ಗಳನ್ನು ನಿಮ್ಮ ‘ಜುಯೂಬ್’ ಮೇಲೆ ಎಳೆದುಕೊಳ್ಳಿ. ಜುಯೂಬ್ ಎನ್ನುವುದು ‘ಜೈಬ್’ನ ಬಹುವಚನ. ಅಂಗಿಯ ಕತ್ತಿನ ಸೀಳು, ಅಲ್ಲಿಂದ ಎದೆಯ ಭಾಗ. ನಮ್ಮ ಜೇಬು ಇದೇ ಪದ! ಕತ್ತಿನ ಹತ್ತಿರ ಇದ್ದದ್ದು ಕಾಲಾಂತರದಲ್ಲಿ ಹಣ ಇಡುವ ಚೀಲವಾಗಿ ನಮ್ಮ ಅಂಗಿಗೂ ಬಂದು ಕೂತಿದೆ.

ಇಲ್ಲಿ ಅನುವಾದ ಮಾಡುವವರು ಆರಿಸುವ ಪದವೇ ಪಕ್ಷ ಹಿಡಿದುಬಿಡುತ್ತದೆ. ಬಹುಪಾಲು ವಿದ್ವಾಂಸರ ವಾದ ಹೀಗೆ: ಖಿಮಾರ್ ಅಂದರೇ ತಲೆಯ ಮೇಲಿನ ಬಟ್ಟೆ, ಆಗಿನ ಹೆಂಗಸರು ಅದನ್ನು ಹಿಂದಕ್ಕೆ ಇಳಿಬಿಡುತ್ತಿದ್ದರು, ಮುಂದಕ್ಕೂ ಎಳೆದುಕೊಳ್ಳಿ ಎಂದು ಹೇಳಿತು. ಹಾಗಾಗಿ ತಲೆ ಮುಚ್ಚುವುದು ಆಜ್ಞೆಯೊಳಗೇ ಸೇರಿದೆ. ನಾಲ್ಕೂ ಸುನ್ನಿ ಪಂಥಗಳು ಇದನ್ನು ಕಡ್ಡಾಯವೆಂದೇ ಎಣಿಸುತ್ತವೆ. ಈಚಿನ ಕೆಲವರು ಬೇರೆ ಹೇಳುತ್ತಾರೆ. ಆಜ್ಞೆ ಇರುವುದು ಎದೆಗೆ, ತಲೆಯ ಬಟ್ಟೆ ಆಗಿನ ರೂಢಿ ಅಂತ. ಪಾಕಿಸ್ತಾನದ ಧರ್ಮವಿದ್ವಾಂಸ ಜಾವೇದ್ ಅಹ್ಮದ್ ಘಾಮಿದಿ ಅವರ ನಿಲುವು ಇದಕ್ಕೆ ಹತ್ತಿರ. ತಲೆ ಮುಚ್ಚುವುದು ಒಳ್ಳೆಯ ಸಂಪ್ರದಾಯ, ಆದರೆ ಶರೀಅತ್ತಿನ ಆಜ್ಞೆಯಲ್ಲ ಎನ್ನುತ್ತಾರೆ. ನಮ್ಮ ಆಲಿಮಾ ಮೊದಲ ಪಕ್ಷದವರು. ಆದರೂ ಎರಡನೆಯದನ್ನು ಅಚ್ಚುಕಟ್ಟಾಗಿ ಹೇಳಿಯೇ ಉತ್ತರ ಕೊಡುತ್ತಾರೆ. ನಾನು ವಚನದಲ್ಲಿ ‘ತಲೆವಸ್ತ್ರ’ ಎಂದು ಬರೆದರೆ ವಾದ ಶುರುವಾಗುವ ಮೊದಲೇ ಮುಗಿದಂತೆ. ‘ಹೊದಿಕೆ’ ಎಂದರೆ ಎರಡನೆಯವರ ಕಡೆ ವಾಲಿದ ಹಾಗೆ. ‘ಸೆರಗು’ ಎಂಬ ಆಸೆ ಹುಟ್ಟಿತ್ತು. ತಲೆಗೂ ಸೆರಗು, ಎದೆಗೂ ಸೆರಗು, ಎಷ್ಟು ಚಂದ ಕೂರುತ್ತೆ! ಉತ್ತರ ಕರ್ನಾಟಕದ ನಮ್ಮ ಅತ್ತೆಗೆ ಕೇಳಿದರೆ ಅದನ್ನೇ ಬರಿ ಅಂತಾರೆ. ಆದರೆ ಸೆರಗು ಸೀರೆಯ ತುದಿ, ಖಿಮಾರ್ ಬೇರೆಯೇ ತುಂಡು. ಕೊನೆಗೆ ವಚನದಲ್ಲಿ ಖಿಮಾರ್ ಎಂದೇ ಬಿಟ್ಟು ಮುಂದಿನ ಪ್ಯಾರಾದಲ್ಲಿ ಬಿಡಿಸಿದ್ದೇನೆ.

ಇದರ ಹಿಂದಿನ ವಚನ ಗಂಡಸರಿಗೆ. ಕಣ್ಣು ತಗ್ಗಿಸಿ ನಡೆಯಿರಿ ಎನ್ನುತ್ತದೆ. ಚರ್ಚೆಗಳಲ್ಲಿ ಇದನ್ನು ಹಾರಿಸುವವರೇ ಜಾಸ್ತಿ. ಆಲಿಮಾ ಇದಕ್ಕೆ ಎರಡು ಪುಟ ಕೊಟ್ಟಿದ್ದಾರೆ.

ಸತ್ರ್ ಎಂದರೆ ಮುಚ್ಚಲೇಬೇಕಾದ ಮೈಯ ಭಾಗ. ಗಂಡಸರಿಗೂ ಇದೆ, ಹೊಕ್ಕುಳಿಂದ ಮಂಡಿಯವರೆಗೆ ಎಂಬುದು ರೂಢಿಯ ಲೆಕ್ಕ. ಯಾರೋ ಇದನ್ನು ‘ಗುಪ್ತಾಂಗ’ ಎಂದು ಅನುವಾದಿಸಿದ್ದನ್ನು ಓದಿ ನಗು ಬಂತು. ಹೆಂಗಸಿನ ಮೊಣಕೈ ಕೂಡ ಸತ್ರ್ ಲೆಕ್ಕದಲ್ಲಿದೆ, ಮೊಣಕೈಯನ್ನು ಗುಪ್ತಾಂಗ ಅನ್ನೋಕಾಗುತ್ತಾ? ‘ಮುಚ್ಚಬೇಕಾದ ಮೈ’ ಎಂದು ಸರಳವಾಗಿ ಬರೆದೆ. ಇದರ ಅರಬ್ಬಿ ಮಾತು ‘ಅವ್ರಾ’. ಹಿಂದಿ, ಉರ್ದುವಿನ ‘ಔರತ್’ ಅಲ್ಲಿಂದಲೇ ಬಂದದ್ದು.

ಮುಖದ ಮಾತಿಗೆ ಬಂದರೆ ಪಂಡಿತರಲ್ಲೇ ಒಮ್ಮತವಿಲ್ಲ. ಹನಫಿ, ಮಾಲಿಕಿ ಪಂಥಗಳ ಮೂಲ ಮಾತಿನಲ್ಲಿ ಮುಖ ಮತ್ತು ಮಣಿಕಟ್ಟಿನವರೆಗಿನ ಕೈ ಸತ್ರ್‌ನ ಹೊರಗೆ. ಶಾಫಿಈ, ಹಂಬಲಿ ಪಂಥಗಳಲ್ಲಿ ಮುಖವನ್ನೂ ಮುಚ್ಚಬೇಕೆಂದವರು ಬಹಳ. ಹಜ್ಜಿಗೆ ಇಹ್ರಾಮ್ ಕಟ್ಟಿದ, ಅಂದರೆ ಯಾತ್ರೆಯ ವ್ರತ ತೊಟ್ಟ, ಹೆಂಗಸು ಮುಖ ಮುಚ್ಚುವ ನಕಾಬ್ ಹಾಕಬಾರದು ಎಂಬ ಹದೀಸ್ (ಪ್ರವಾದಿಗಳ ನುಡಿ) ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿದೆ. ಹಾಗಾದರೆ ಉಳಿದ ದಿನ ಹಾಕುವ ವಾಡಿಕೆ ಇತ್ತು ಎಂದು ಒಬ್ಬರು, ಕಡ್ಡಾಯವಾಗಿದ್ದರೆ ಹಜ್ಜಿನಲ್ಲಿ ಬೇಡವೆನ್ನುತ್ತಿದ್ದರೇ ಎಂದು ಇನ್ನೊಬ್ಬರು. ಒಂದೇ ಮಾತು, ಎರಡು ಪಕ್ಷಕ್ಕೂ ಸಾಕ್ಷಿ.

ಅಂಗಡಿಯವರು ಏನನ್ನುತ್ತಾರೆ ನೋಡೋಣ ಎಂದು ಭಟ್ಕಳದ ನವಾಯತಿ ಸಹೋದ್ಯೋಗಿಯ ಜೊತೆ ಮಹಮ್ಮದಲಿ ರಸ್ತೆಗೆ ಹೋಗಿದ್ದೆ. ನಾನು ಕಪ್ಪಗಿದ್ದದ್ದನ್ನೆಲ್ಲ ಬುರ್ಖಾ ಅಂತಿದ್ದೆ. ಆಕೆ, “ಮೇಡಂ, ಇದು ಅಬಾಯಾ, ಬರೀ ನಿಲುವಂಗಿ. ಮುಖಕ್ಕೆ ಇದು ನಕಾಬ್, ಬೇರೆ ತಗೋಬೇಕು” ಎಂದು ಬಿಡಿಸಿ ತೋರಿಸಿದರು. ನಕಾಬ್‌ನಲ್ಲಿ ತೆಳ್ಳನೆಯ ಪದರಗಳು, ತಲೆಯ ಹಿಂದೆ ಕಟ್ಟಲು ಲಾಡಿ. ಮೇಲಿನ ಪದರ ಕಣ್ಣ ಮುಂದೆಯೂ ಇಳಿಯುತ್ತದೆ, ಬೇಡವಾದರೆ ಹಿಂದಕ್ಕೆ ಎಸೆದುಕೊಳ್ಳಬಹುದು. ಪಕ್ಕದಲ್ಲೇ ಬೋಹ್ರಾ ಮುಸ್ಲಿಂ ಸಮುದಾಯದ ಹೆಂಗಸರು ತಿಳಿ ಗುಲಾಬಿ, ಹಸಿರು ಬಣ್ಣದ ತಮ್ಮ ಉಡುಪು ರಿದಾ ತೊಟ್ಟು ಲೇಸು ಆರಿಸುತ್ತಿದ್ದರು. ರಿದಾಕ್ಕೆ ಮುಖದ ಬದಿಗೆ ಮಡಚಿಡುವ ಸಣ್ಣ ತುಂಡೊಂದಿದೆ. ಅದರ ಹೆಸರು ಪರ್ದಿ, ಅಂದರೆ ಪುಟ್ಟ ಪರದೆ. ಇವನ್ನೆಲ್ಲ ಬುರ್ಖಾ ಎಂಬ ಒಂದೇ ಮಾತಿಗೆ ತುರುಕಲು ಮನಸ್ಸು ಬರುತ್ತಿಲ್ಲ.

ಇನ್ನು ‘ಮುಸುಕು’. ಅಚ್ಚಗನ್ನಡ ಬೇಕೆನ್ನುವವರು ಇದನ್ನೇ ಹೇಳುತ್ತಾರೆ ಅಂತ ಗೊತ್ತು. ಮುಸುಕು ಹಾಕಿ ಮಲಗಿದ ಎಂದರೆ ಮುಖವೂ ಒಳಗೇ, ಅಲ್ವಾ? ನಕಾಬ್‌ಗೆ ಬೇಕಾದರೆ ಹೊಂದೀತು, ಹಿಜಾಬ್‌ಗೆ ಆಗದು. ಅದೂ ಅಲ್ಲದೆ ಪತ್ರಿಕೆಯಲ್ಲಿ ‘ಮುಸುಕುಧಾರಿಗಳು’ ಬಂದರೆಂದರೆ ಎಲ್ಲೋ ದರೋಡೆಯಾಗಿದೆ ಅಂತಲೇ. ಆ ವಾಸನೆ ಅಂಟಿದ ಪದವನ್ನು ಧರ್ಮದ ಲೇಖನಕ್ಕೆ ತರಲಾರೆ. ಹಿರಿಯರು ಬಳಸುತ್ತಿದ್ದ ‘ಗೋಷಾ’ ಬಟ್ಟೆಯ ಹೆಸರೇ ಅಲ್ಲ, ಹೆಂಗಸರು ಮರೆಯಲ್ಲಿರುವ ಪದ್ಧತಿಯದು. ಬೆಂಗಳೂರು ಶಿವಾಜಿನಗರದ ಗೋಷಾ ಆಸ್ಪತ್ರೆಯ ಹೆಸರಲ್ಲಿ ಇರುವುದು ಅದೇ. ಮಂಗಳೂರಿನ ಲೇಡಿ ಗೋಷನ್ ಆಸ್ಪತ್ರೆಗೂ ಇದಕ್ಕೂ ಸಂಬಂಧವಿಲ್ಲ, ಅದು ಮದ್ರಾಸ್ ಗವರ್ನರರ ಹೆಂಡತಿಯ ಹೆಸರು.

ಕಾಗುಣಿತದ ಪ್ರಶ್ನೆಯೊಂದು. ಬುರ್ಖಾದ ‘ಖ’ ದಖನಿ ಉರ್ದು ಆಡುವವರ ಬಾಯಿಂದ ಬಂದದ್ದು. ಅರಬ್ಬಿಯ ಗಂಟಲ ‘ಕ’ ಅವರಲ್ಲಿ ‘ಖ’ ಆಗುತ್ತದೆ. ಬುರ್ಖಾ ಬೇರೂರಿದೆ, ಇರಲಿ. ನಿಖಾಬ್ ಎಂದು ಹೊಸದಾಗಿ ಬರೆಯುವುದು ಯಾಕೆ? ನಾನು ಉರ್ದುವಿನಂತೆ ನಕಾಬ್ ಎಂದೇ ಇಟ್ಟಿದ್ದೇನೆ.

ಈಗ ನಿಮ್ಮಿಂದ ಬೇಕಾದದ್ದು ಎರಡು. ಒಂದು, ಜಿಲ್‌ಬಾಬ್. 33ನೇ ಅಧ್ಯಾಯದ 59ನೇ ವಚನದಲ್ಲಿ ಹೊರಗೆ ಹೋಗುವಾಗಿನ ದೊಡ್ಡ ಮೇಲುಬಟ್ಟೆಗೆ ಈ ಪದ ಬಂದಿದೆ. ಉರ್ದುವಿನಲ್ಲಿ ಚಾದರ್ ಎಂದು ಮುಗಿಸುತ್ತಾರೆ. ಇಲ್ಲಿ ಮಹಾರಾಷ್ಟ್ರದಲ್ಲಿ ಕೂತು ನಾನು ಚಾದರ ಅಂದರೆ ಎಲ್ಲರಿಗೂ ಸೊಲ್ಲಾಪುರದ ಹೊದಿಯುವ ಚಾದರವೇ ಕಣ್ಣ ಮುಂದೆ ಬರುತ್ತದೆ. ‘ಮೇಲುಹೊದಿಕೆ’ ಆದೀತೇ? ನಿಮ್ಮೂರಿನ ಹಳೆಯ ಮಾತೇನಾದರೂ ಇದೆಯೇ?

ಇನ್ನೊಂದು, ‘ಹಯಾ’. ಹಯಾ ಎನ್ನುವುದು ಈಮಾನಿನ (ನಂಬಿಕೆಯ) ಒಂದು ಶಾಖೆ ಎಂಬ ಹದೀಸ್ ಇದೆ. ಅದು ಗಂಡು ಹೆಣ್ಣು ಇಬ್ಬರಿಗೂ. ‘ನಾಚಿಕೆ’ ಎಂದರೆ ಮದುಮಗಳ ನೆನಪು, ‘ಲಜ್ಜೆ’ ಪದ್ಯದ ಮಾತು, ‘ಸಂಕೋಚ’ ಎಂದರೆ ಅಳುಕು, ‘ಮರ್ಯಾದೆ’ ಎಂದರೆ ನಾಲ್ಕು ಜನ ಏನಂತಾರೋ ಎಂಬ ಚಿಂತೆ. ಯಾರೂ ನೋಡದಿದ್ದರೂ ತನ್ನೊಳಗೇ ಇರುವ ಹಿಂಜರಿಕೆಗೆ ಗಂಡಸಿಗೂ ಒಪ್ಪುವ ಕನ್ನಡ ಮಾತು ಬೇಕು. ಹೊಳೆದರೆ, ಅದನ್ನು ಬಳಸಿದ ಒಂದು ವಾಕ್ಯದ ಸಮೇತ ಬರೆಯಿರಿ.