ಅಪ್‌ಡೇಟ್: ಕೊನೆಗೂ ಮಾನಿಟರೇ ತಗೊಂಡೆ

ಪಿಸಿ ಗೇಮಿಂಗಿಗೆ 55 ಇಂಚಿನ ಟಿವಿನಾ ಇಲ್ಲಾ 27 ಇಂಚಿನ ಎರಡು ಮಾನಿಟರಾ ಅಂತ ಕೇಳಿದ್ನಲ್ಲ, ನೀವು ಹೇಳ್ದಂಗೆ ಮೊದಲು ಹಾಲ್‌ನಲ್ಲಿರೋ ನಮ್ಮ 55 ಇಂಚಿನ 4ಕೆ ಟಿವಿಗೇ ಪಿಸಿ ಹೊತ್ಕೊಂಡೋಗಿ ಹಾಕಿ ನೋಡ್ದೆ. ಮೌಸ್ ಪಾಯಿಂಟರ್ ನಿದ್ದೆಗಣ್ಣಲ್ಲಿ ಬರೋ ಥರ ಲೇಟಾಗಿ ಬರ್ತಿತ್ತು, ಟಿವಿ ಸೆಟ್ಟಿಂಗಲ್ಲಿ ಗೇಮ್ ಮೋಡ್ ಆನ್ ಮಾಡಿದ್ಮೇಲೆ ಸರಿಹೋಯ್ತು, ಕೆಂಪು ಅಕ್ಷರ ಮಸುಕಾಗ್ತಿದ್ದಿದ್ದೂ ಟಿವಿ ಮೆನುವಲ್ಲಿ ಎಚ್‌ಡಿಎಂಐ ಇನ್‌ಪುಟ್ (ಪಿಸಿ ಕೇಬಲ್ ಚುಚ್ಚೋ ಜಾಗ) ಹೆಸರನ್ನ 'ಪಿಸಿ' ಅಂತ ಬದಲಾಯಿಸಿದ ತಕ್ಷಣ ಹೋಯ್ತು. ಸೋಫಾದಲ್ಲಿ ಕೂತು ರೇಸಿಂಗ್ ಆಡೋಕಂತೂ ಸಖತ್, ಅಮ್ಮನ ಧಾರಾವಾಹಿ ಶುರುವಾಗೋ ತನಕ!

ಆದ್ರೆ ನನ್ನ ರೂಮಿನ ಟೇಬಲ್ ಎರಡೇ ಅಡಿ, ಅಷ್ಟು ಹತ್ರ 55 ಇಂಚು ಇಟ್ರೆ ಮೂಲೇಲಿರೋ ಗೇಮಿನ ಮ್ಯಾಪ್ ನೋಡೋಕೂ ಕತ್ತು ತಿರುಗಿಸ್ಬೇಕು, ಮೇಲಾಗಿ ಇಂಚಿಗೆ 80 ಪಿಕ್ಸೆಲ್ (ಚಿತ್ರದ ಚುಕ್ಕಿ) ಅಷ್ಟೇ, 27 ಇಂಚಿನ 1440ಪಿ (2560×1440 ಪಿಕ್ಸೆಲ್) ಮಾನಿಟರ್‌ಲಿ 109 ಸಿಗುತ್ತೆ, ಹತ್ರದಿಂದ ನೋಡೋಕೆ ಚಿತ್ರ ಇನ್ನೂ ಸ್ಪಷ್ಟ. ಅದಕ್ಕೇ ಅಂಥ ಮಾನಿಟರ್ ಸದ್ಯಕ್ಕೆ ಒಂದೇ ತಗೊಂಡಿದೀನಿ, ಇನ್ನೊಂದು ದೀಪಾವಳಿ ಆಫರ್‌ನಲ್ಲಿ ನೋಡೋಣ.