ಸಹಾಯ ಬೇಕು: ಬೇರೆ ಇದ್ದ ಹೆಂಡತಿಗೆ ಗಂಡನ ಮನೆಯಲ್ಲಿ ಹಕ್ಕಿದೆಯಾ? (ಟೆಕ್ಸಾಸ್)

ನನ್ನ ಅಕ್ಕ ಟೆಕ್ಸಾಸ್‌ನಲ್ಲಿದ್ದಾರೆ. ಭಾವ ಇತ್ತೀಚೆಗೆ ತೀರಿಕೊಂಡರು. ವಿಲ್ ಬರೆದಿರಲಿಲ್ಲ. ಅವರ ಕುಡಿತ ತಾಳಲಾರದೆ ಅಕ್ಕ ಕೆಲವು ವರ್ಷಗಳಿಂದ ಬಾಡಿಗೆ ಮನೆಯಲ್ಲಿದ್ದರು. ಡೈವೋರ್ಸ್ ಆಗಿಲ್ಲ, ಕೇಸೂ ಹಾಕಿರಲಿಲ್ಲ.

ಮನೆ ಭಾವ ಮದುವೆಗೆ ಮೊದಲೇ ಕೊಂಡದ್ದು. ಮೊದಲ ಹೆಂಡತಿಯ ಮಗ ಈಗ 'ಬಿಟ್ಟು ಹೋದವರಿಗೆ ಏನೂ ಇಲ್ಲ' ಅಂತ ಬೀಗ ಬದಲಾಯಿಸಿದ್ದಾನೆ. ಅಕ್ಕ ಸುಮ್ನೆ ಅಳುತ್ತಾ ಕೂತಿದ್ದಾರೆ.

ನಾನು ಓದಿದ ಮಟ್ಟಿಗೆ, ಟೆಕ್ಸಾಸ್ ಸಂವಿಧಾನದ 16ನೇ ವಿಧಿ, 52ನೇ ಸೆಕ್ಷನ್ ಪ್ರಕಾರ ಮನೆ ಗಂಡನ ಸ್ವಂತದ್ದಾದರೂ ವಿಧವೆ ಬದುಕಿರುವ ತನಕ ಹೋಮ್‌ಸ್ಟೆಡ್‌ನಲ್ಲಿ (ಕುಟುಂಬ ವಾಸದ ಮನೆಯಲ್ಲಿ) ಇರಬಹುದು. ಜೊತೆಗೆ ಒಂದು ವರ್ಷದ ಖರ್ಚಿಗೆ ಫ್ಯಾಮಿಲಿ ಅಲೋವೆನ್ಸ್ (ತೀರಿಕೊಂಡವರ ಆಸ್ತಿಯಿಂದ ಕೊಡುವ ಹಣ) ಕೇಳಬಹುದು. ಸ್ವಂತ ಆಸ್ತಿ ಸಾಕಷ್ಟಿದ್ದರೆ ಅದು ಸಿಗಲ್ಲ. ಅಕ್ಕನ ಹತ್ತಿರ ಅಂಥದ್ದೇನೂ ಇಲ್ಲ ಬಿಡಿ.

ಕೋರ್ಟ್ ಕ್ಲರ್ಕ್ ಆಫೀಸಿನಲ್ಲಿ ಕೇಳಿದೆವು, ಕಾನೂನು ಸಲಹೆ ಕೊಡಲ್ಲ ಅಂದರು. ಒಬ್ಬ ವಕೀಲರು ಮುಂಗಡ ಕೇಳಿದ್ದು ಕೈಗೆಟುಕದಷ್ಟು ಜಾಸ್ತಿ.

ನನ್ನ ಪ್ರಶ್ನೆ ಇಷ್ಟೇ: ಭಾವ ಸಾಯುವಾಗ ಅಕ್ಕ ಆ ಮನೆಯಲ್ಲಿ ಇರಲಿಲ್ಲ. ಕುಡಿತದ ಕಾರಣಕ್ಕೆ ಹೊರಗೆ ಬಂದದ್ದನ್ನೂ ಕೋರ್ಟ್ 'ಬಿಟ್ಟು ಹೋದದ್ದು' ಅಂತ ಹಿಡಿಯುತ್ತದಾ? ಹಾಗೆ ಹಿಡಿದರೆ ಅಲೋವೆನ್ಸೂ ಹೋಗುತ್ತದಾ, ಅಥವಾ ಮನೆಯ ಹಕ್ಕು ಮಾತ್ರವಾ? ಅಲ್ಲಿ ಇಂಥ ಕೇಸ್ ನಡೆಸಿದವರು ಅಥವಾ ಕಡಿಮೆ ಫೀಸಿನ ಪ್ರೊಬೇಟ್ (ತೀರಿಕೊಂಡವರ ಆಸ್ತಿ ವಿಲೇವಾರಿಯ) ವಕೀಲರು ಗೊತ್ತಿರುವವರು ದಯವಿಟ್ಟು ತಿಳಿಸಿ.